ಪೆಟ್ಟಿಗೆಯ ನಾಲಗೆ

"ಈ ಕುಂಕುಮ ಯಾವ ವರ್ಸದ್ದು, ಹೇಳು."

"ಯಾವ ಕುಂಕುಮ?"

"ಕಣ್ಣು ಕಾಣ್ಸಲ್ವಾ? ಈ ಅಕ್ಷರದ ಸಂದೀಲಿ ಕೆಂಪಗೆ ಕುಂತದಲ್ಲ, ಇದು. ನಾನಿನ್ನೂ ಇದಕ್ಕೆ ಬೆರಳಿಟ್ಟಿಲ್ಲ. ನನಗಿಂತ ಮುಂಚೆ ಯಾವಳು ಬಂದು ಹಚ್ಚಿ ಹೋದ್ಲು?"

ಗಂಗಾಧರ್ ಕಂಕುಳಲ್ಲಿದ್ದ ಬೂದುಗುಂಬಳಕಾಯಿಯನ್ನು ಹೊಸಿಲ ಪಕ್ಕ ಇಳಿಸಿದ. "ಹಳೇ ಸಾಮಾನು ಕಣೇ. ಎಷ್ಟು ಜನದ ಕೈ ದಾಟಿ ಬಂದಿರ್ತದೋ. ಪೂಜೆ ಮುಗ್ಸು, ಹೊತ್ತಾಯ್ತದೆ."

"ಯಾರ ಕೈ ದಾಟಿ ಬಂತು ಅಂತ ನಾನೇ ಹೇಳ್ಲಾ?"

"ಮೆತ್ತಗೆ ಮಾತಾಡು. ಪಕ್ಕದ ಅಂಗ್ಡಿಯೋರು ನೋಡ್ತಾವ್ರೆ."

"ನೋಡ್ಲಿ ಬುಡು. ಕದಿಯೋವಾಗ ಯಾರೂ ನೋಡಿರ್ಲಿಲ್ಲ, ಈಗಾದ್ರೂ ನೋಡ್ಲಿ."

ಶಿರಾದ ಹೆದ್ದಾರಿ ಪಕ್ಕದ ಆ ಓಣಿಯಲ್ಲಿ ಆಯುಧಪೂಜೆಯ ದಿನ ಎಲ್ಲ ಅಂಗಡಿಗಳಿಗೂ ಬಾಳೆಕಂದು ಕಟ್ಟಿದ್ದರು. ಗಂಗಾಧರ್‌ನದು ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ. ಒಳಗೆ ಬೋರ್‌ವೆಲ್ ಮೋಟಾರುಗಳ ರಾಶಿಯ ಆಚೆ, ಧೂಳು ತಾಗದ ಮೂಲೆಯಲ್ಲಿ, ಹಿತ್ತಾಳೆ ಕಹಳೆಯ ಒಂದು ಗ್ರಾಮಫೋನು ಕೂತಿತ್ತು. ಮಂಗಳಾ ಪ್ರತಿ ವರ್ಷವೂ ಸ್ಪ್ಯಾನರು, ಸುತ್ತುವ ಯಂತ್ರ, ಸ್ಕೂಟರು ಎಲ್ಲಕ್ಕೂ ಕುಂಕುಮವಿಟ್ಟು ಕೊನೆಗೆ ಅದಕ್ಕೂ ಇಡುತ್ತಿದ್ದಳು. ಈ ಸಲ ಕಹಳೆಗೆ ಇಟ್ಟು, ತೋಳಿನ ತುದಿಯಲ್ಲಿದ್ದ ಸೌಂಡ್ ಬಾಕ್ಸಿಗೆ ಇಡಲು ಬಗ್ಗಿದವಳು ಹಾಗೇ ನಿಂತುಬಿಟ್ಟಿದ್ದಳು.

ಸೌಂಡ್ ಬಾಕ್ಸೆಂದರೆ ಅಂಗೈಯಲ್ಲಿ ಮುಚ್ಚಿಡಬಹುದಾದ ಒಂದು ಗುಂಡು ಡಬ್ಬಿ. ಒಳಗೆ ಅಭ್ರಕದ ತೆಳು ಹಾಳೆ. ಮುಳ್ಳು ಸಿಕ್ಕಿಸುವುದು ಅದಕ್ಕೇ. ಪ್ಲೇಟಿನ ಗೆರೆಯಲ್ಲಿ ಮಲಗಿರುವುದನ್ನು ಎಬ್ಬಿಸಿ ಹಾಡಿಸುವುದೂ ಅದೇ. ಗಂಗಾಧರ್ ಅದನ್ನು ಉಜ್ಜಿ ಹೊಳೆಯಿಸಿದ್ದ. ಆದರೆ ಕಂಪನಿಯ ಹೆಸರು ಕೊರೆದ ಅಕ್ಷರಗಳ ತಳದಲ್ಲಿ ಹಳೆಯ ಕುಂಕುಮ ಎಣ್ಣೆಯೊಡನೆ ಬೆರೆತು ಅರಗಿನಂತೆ ಗಟ್ಟಿಯಾಗಿತ್ತು. ಬ್ರಷ್ಷು ಅಲ್ಲಿಗೆ ಇಳಿದಿರಲಿಲ್ಲ.

ಗ್ರಾಮಫೋನಿಗೆ ಕುಂಕುಮ ಹಚ್ಚುವವರು ಎಷ್ಟೋ ಜನ ಇದ್ದಾರು. ಸೌಂಡ್ ಬಾಕ್ಸಿನ ಅಕ್ಷರದ ಮೇಲೇ, ಹೆಬ್ಬೆರಳಿಂದ ಒತ್ತಿ, ಉದ್ದಕ್ಕೆ ಎಳೆದು ಹಚ್ಚುತ್ತಿದ್ದವನು ಮಂಗಳಾಳಿಗೆ ಗೊತ್ತಿದ್ದ ಹಾಗೆ ಒಬ್ಬನೇ. ಪಾವಗಡ ಸೀಮೆಯ ತಿರುಮಣಿಯಲ್ಲಿ ಅವಳ ಅಪ್ಪ ಕದರಪ್ಪ. ಆಯುಧಪೂಜೆಗೆ ಅವನು ಮೊದಲು ನೇಗಿಲಿಗೆ ಇಡುತ್ತಿದ್ದ, ಆಮೇಲೆ ಕುಡುಗೋಲಿಗೆ, ಆಮೇಲೆ ಪೆಟ್ಟಿಗೆಗೆ. ಊರಲ್ಲಿ ಅದಕ್ಕೆ ಹಾಡೋ ಪೆಟ್ಟಿಗೆ ಎಂದೇ ಹೆಸರು.

"ನಮ್ಮಪ್ಪನ ಪೆಟ್ಗೇದು ಇದು," ಅಂದಳು ಮಂಗಳಾ. "ಹೌದು ಅನ್ನು, ಇಲ್ಲ ಅನ್ನು. ಒಂದೇ ಮಾತು."

ಗಂಗಾಧರ್ ಸ್ಟೂಲಿನ ಮೇಲೆ ಕೂತ. ಇಲ್ಲ ಎನ್ನಲು ಬಾಯಿ ತೆಗೆದವನು ಅವಳ ಮುಖ ನೋಡಿ ಬೇರೆ ಮಾತು ಆಡಿದ. "ಬರೀ ಕಿತ್ಕಂಡ್ ಬಂದಿಲ್ಲ. ಅದರ ಜಾಗಕ್ಕೆ ಹೊಸದು ಹಾಕಿದೀನಿ."

"ಯಾವಾಗ?"

"ತಿಥಿ ಟೈಮಲ್ಲಿ."

"ನಾನು ಒಳಗೆ ಅಪ್ಪನ ಬಟ್ಟೆ ಮಡಿಸ್ತಿದ್ದೆ. ನೀನು ಅವನ ಪೆಟ್ಗೆ ಬಿಚ್ತಿದ್ದೆ."

"ಅಲ್ಲಿದ್ದು ಏನಾಗ್ತಿತ್ತು ಹೇಳು. ಹಲ್ಲಿ ಮೊಟ್ಟೆ ಇಡ್ತಿತ್ತು. ಇದೇ ನಂಬರಿನ ಪೆಟ್ಗೆ, ಇದೇ ಕಹಳೆ, ಇದೇ ತೋಳು, ಇದಕ್ಕೆ ಆ ಬಾಕ್ಸೇ ಕೂರ್ಬೇಕು. ಬೇರೇದು ಕೂತ್ರೆ ಇದು ಕಿಚಡಿ. ನಿಂಗೆ ಅರ್ಥ ಆಗಲ್ಲ."

ಕಿಚಡಿ ಎಂಬ ಮಾತು ಅವನದಲ್ಲ. ಆ ಗ್ರಾಮಫೋನನ್ನು ಅವನು ಗುಜರಿಯಿಂದ ಬರೀ ಮರದ ಪೆಟ್ಟಿಗೆಯಾಗಿ ತಂದಿದ್ದ. ಸ್ಪ್ರಿಂಗಿಗಾಗಿ ಹಿಂದೂಪುರ ಸುತ್ತಿದ, ಕಹಳೆಗಾಗಿ ಅನಂತಪುರ ಸುತ್ತಿದ. ಸಿಗದೇ ಹೋದ ಸೌಂಡ್ ಬಾಕ್ಸ್ ಒಂದು ಬಿಟ್ಟು ಒಂದು ಸ್ಕ್ರೂ ಸಹ ಹೊಸದು ಹಾಕಲಿಲ್ಲ. ಹಬ್ಬಕ್ಕೆ ಬಾ ಎಂದರೆ ಬರುತ್ತಿರಲಿಲ್ಲ, ಯಾವುದೋ ಊರಲ್ಲಿ ಹಳೇ ಗೇರು ಇದೆ ಎಂದರೆ ರಾತ್ರೋರಾತ್ರಿ ಹೊರಡುತ್ತಿದ್ದ. ಕೊನೆಗೆ ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬೆಂಗಳೂರಿಗೆ ಹೋದ. ಅಲ್ಲಿ ಇಂಥ ಪೆಟ್ಟಿಗೆಗಳನ್ನು ಇಟ್ಟುಕೊಂಡವರೆಲ್ಲ ವರ್ಷಕ್ಕೊಮ್ಮೆ ಸೇರುತ್ತಿದ್ದರು. ಒಬ್ಬ ಬಗ್ಗಿ ನೋಡಿದ, ಕನ್ನಡಕ ಮೇಲೆತ್ತಿ ಮತ್ತೊಮ್ಮೆ ನೋಡಿದ. "ಸೌಂಡ್ ಬಾಕ್ಸ್ ಡೂಪ್ಲಿಕೇಟು ಸ್ವಾಮಿ. ಎಲ್ಲ ಮಾಡಿ ಕಿಚಡಿ ಮಾಡಿದ್ದೀರಿ," ಎಂದ. ಸುತ್ತ ಇದ್ದವರು ನಕ್ಕರು. ಗಂಗಾಧರ್ ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದ್ದ.

ಅದಾದ ಮೇಲೆ ನಿನ್ನ ಪೆಟ್ಟಿಗೆಯ ಬಾಕ್ಸು ಕೊಡು ಎಂದು ಮಾವನನ್ನು ಕೇಳಿಯೂ ಇದ್ದ. ಕದರಪ್ಪ ಬೀಡಿ ಕಚ್ಚಿಕೊಂಡೇ ನಕ್ಕಿದ್ದ. "ಅದು ಅದರ ನಾಲಗೆ ಕಣಪ್ಪ. ಒಂದೆತ್ತಿನ ನಾಲಗೆ ಕಿತ್ತು ಇನ್ನೊಂದೆತ್ತಿಗೆ ಹಾಕ್ತಾರಾ?"

ಮಂಗಳಾ ಕುಂಕುಮದ ಬಟ್ಟಲನ್ನು ಮೋಟಾರಿನ ಮೇಲಿಟ್ಟಳು.

"ಪಕ್ಷದ ದಿನ ಅವ್ವ ಏನಂದ್ಲು, ನಿನ್ನ ಕಿವೀಗೆ ಬಿದ್ದಿತ್ತಲ್ವಾ?"

ಬಿದ್ದಿತ್ತು. ಕದರಪ್ಪ ಸತ್ತ ಮೇಲೆ ಬಂದ ಮೊದಲ ಪಕ್ಷದ ಹಬ್ಬ ಅದು, ಮಹಾಲಯ ಅಮಾವಾಸ್ಯೆ. ಸತ್ತವನಿಗೆ ಏನೇನು ಇಷ್ಟವೋ ಅದನ್ನೆಲ್ಲ ಅವನ ಫೋಟೋದ ಮುಂದೆ ಎಡೆ ಇಟ್ಟು, ಬಾಗಿಲು ಎಳೆದುಕೊಂಡು, ಮನೆಯವರೆಲ್ಲ ಹೊರಗೆ ಕೂರುತ್ತಾರೆ. ಸತ್ತವನು ಬಂದು ಉಂಡು ಹೋಗಲಿ ಎಂದು. ಮಂಗಳಾಳ ಅವ್ವ ಓಬಕ್ಕ ಬೆಳಗಿನಿಂದ ನೀರೂ ಕುಡಿಯದೆ ಗಂಡನಿಗೆ ಅಡಿಗೆ ಮಾಡಿದ್ದಳು. ಬಾಳೆಲೆ ತುಂಬ ಮುದ್ದೆ, ನಾಟಿಕೋಳಿ ಸಾರು, ಕರ್ಜಿಕಾಯಿ. ಪಕ್ಕದಲ್ಲಿ ಒಂದು ಕ್ವಾಟರು, ಹೊಸ ಪಂಚೆ, ಒಂದು ಇಡೀ ಕಟ್ಟು ಬೀಡಿ. ಬೀಡಿಯನ್ನು ಅವಳು ಎರಡು ಸಲ ಜರುಗಿಸಿ, ಫೋಟೋದ ಕೈಗೆ ಎಟುಕುವಂತೆ ಇಟ್ಟಳು. ಸಾಯುವ ಹಿಂದಿನ ಸಂಜೆ ಅವನು ಒಂದು ದಮ್ಮು ಕೇಳಿದ್ದ. ಉಸಿರೇ ನಿಲ್ತಿಲ್ಲ, ನಿನಗೆ ಬೀಡಿ ಒಂದು ಕೇಡು ಎಂದು ಕಟ್ಟನ್ನು ಕಿತ್ತು ಒಲೆಗೆ ಹಾಕಿದ್ದವಳು ಅವಳೇ.

ಕೊನೆಗೆ ಪೆಟ್ಟಿಗೆ. ಕದರಪ್ಪನ ಬಳಿ ಉಳಿದಿದ್ದು ಒಂದೇ ಪ್ಲೇಟು, ಯಾವುದೋ ನಾಟಕದ್ದು. ಮೇಲಿನ ಚೀಟಿ ಎಂದೋ ಕಿತ್ತುಹೋಗಿ ಹಾಡಿದವರು ಯಾರೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಓಬಕ್ಕ ತಾನೇ ಕೀ ಕೊಟ್ಟು, ಮುಳ್ಳು ಇಳಿಸಿ, ಸೆರಗು ಹೊದ್ದು ಹೊರಗೆ ಬಂದು ಬಾಗಿಲು ಎಳೆದಳು. ಎಲ್ಲರೂ ಜಗಲಿ ಮೇಲೆ ಕೂತರು.

ಒಳಗಿಂದ ಹಾಡು ಬರಲಿಲ್ಲ. ಮಡಕೆಯ ಚೂರಿನಿಂದ ಬಂಡೆ ಕೆರೆದಂಥ ಸದ್ದು ಬಂತು, ಆಮೇಲೆ ಉದ್ದಕ್ಕೆ ಒಂದು ಕೀರಲು, ಆಮೇಲೆ ಏನೂ ಇಲ್ಲ. ಓಬಕ್ಕ ಬಾಗಿಲು ತೆಗೆದಾಗ ಮುಳ್ಳು ಪ್ಲೇಟನ್ನು ಅಡ್ಡಡ್ಡ ಸೀಳಿಕೊಂಡು ಹೋಗಿ ಪಕ್ಕಕ್ಕೆ ಬಿದ್ದಿತ್ತು.

"ಆಯನ ತಿನ್ಲೇದು," ಅಂದಳು ಓಬಕ್ಕ. ಅವರು ಉಣ್ಣಲಿಲ್ಲ. ಗಡಿ ಸೀಮೆಯ ಆ ಮನೆಯಲ್ಲಿ ಕನ್ನಡ ತೆಲುಗು ಎರಡೂ ಒಂದೇ ಒಲೆಯಲ್ಲಿ ಬೇಯುತ್ತಿದ್ದವು. ದುಃಖದ ಮಾತು ಮಾತ್ರ ತೆಲುಗಿನಲ್ಲೇ ಬರುತ್ತಿತ್ತು. "ನನ್ನ ಕೈಯಿಂದ ಬ್ಯಾಡ ಅಂತ ಹೋಗ್ಬುಟ್ಟ."

ಮಂಗಳಾಳ ಅಣ್ಣ ಪೆದ್ದಣ್ಣ, "ಭಾವ, ನೀನು ಇದರಲ್ಲಿ ಪಳಗಿದೋನು, ಒಂಚೂರು ನೋಡು," ಎಂದಿದ್ದ. ಗಂಗಾಧರ್ ನೋಡುವ ಹಾಗೆ ನಟಿಸಿದ. ತಾನು ಹಾಕಿದ ನಕಲಿ ಬಾಕ್ಸಿನಲ್ಲಿ ಮುಳ್ಳು ಹಿಡಿಯುವ ಸ್ಕ್ರೂ ಸಡಿಲಾಗಿ ಮುಳ್ಳು ವಾಲಿರುವುದು ಕೈಯಿಟ್ಟ ಕೂಡಲೇ ಅವನಿಗೆ ತಿಳಿಯಿತು. "ಏನೂ ತಿಳೀತಿಲ್ಲ," ಎಂದು ಎದ್ದ.

ಅವತ್ತಿನಿಂದ ಓಬಕ್ಕ ಅನ್ನ ಬಿಟ್ಟಳು. ಪೆದ್ದಣ್ಣನ ಫೋನು ಬಂದಾಗಲೆಲ್ಲ ಅದೇ ಮಾತು. "ಎರಡು ಗುಟುಕು ಅಂಬಲಿ ಬಿಟ್ರೆ ಏನೂ ಮುಟ್ಟಲ್ಲ ಕಣಮ್ಮ. ಆಯನೇ ಉಣ್ಲಿಲ್ಲ, ನಾನ್ಯಾವಳು ಉಣ್ಣಕ್ಕೆ ಅಂತಾಳೆ. ಪೆಟ್ಗೆ ಮುಂದೆ ಕುಂತ್ಬುಟ್ಟವ್ಳೆ."

"ಸರಿ, ತಗೊಂಡು ಹೋಗಿ ಹಾಕ್ಬುಟ್ಟು ಬತ್ತೀನಿ," ಎಂದ ಗಂಗಾಧರ್. "ಯಾರ್ಗೂ ಗೊತ್ತಾಗದಂಗೆ."

"ಗೊತ್ತಾಗ್ಬೇಕು. ಅದಕ್ಕೇ ಹೋಗ್ಬೇಕಾಗಿರೋದು. ಮಾವ ಮುನಿಸ್ಕಂಡಿಲ್ಲ ಅತ್ತೆ, ನಾಲಗೆ ಕಿತ್ತೋನು ನಾನು ಅಂತ ನೀನೇ ಹೇಳ್ಬೇಕು."

"ನೀನೇ ಹೇಳು. ಅವ್ಳು ನಿಮ್ಮವ್ವ."

"ನಾನು ಹೇಳಿದ್ರೆ ನಂಬ್ತಾಳಾ? ಮಗಳು ಸಮಾಧಾನಕ್ಕೆ ಏನೋ ಕಟ್ಕಂಡ್ ಬಂದ್ಲು ಅಂತಾಳೆ. ಕಿತ್ತ ಕೈನೇ ಹೇಳ್ಬೇಕು." ಅವಳು ಬಾಗಿಲಿಗೆ ಹೋದವಳು ತಿರುಗಿದಳು. "ಕಿಚಡಿ ಅಂದ್ರೆ ಉರೀತದಲ್ಲ ನಿಂಗೆ. ಕದ್ದ ನಾಲಗೇಲಿ ಹಾಡೋದಕ್ಕೆ ಏನಂತಾರೆ, ಅದನ್ನೂ ಬೆಂಗ್ಳೂರೋರ್ನೇ ಕೇಳ್ಕಂಡ್ ಬಾ."

ಕುಂಬಳಕಾಯಿ ಹೊಸಿಲ ಪಕ್ಕದಲ್ಲೇ ಉಳಿಯಿತು. ಆ ವರ್ಷ ಆ ಅಂಗಡಿಯ ಮುಂದೆ ಯಾರೂ ದೃಷ್ಟಿ ತೆಗೆದು ಕಾಯಿ ಒಡೆಯಲಿಲ್ಲ.

ಮಾರನೆಯ ದಿನ ವಿಜಯದಶಮಿ. ಇಬ್ಬರೂ ಮಧುಗಿರಿಯಲ್ಲಿ ಬಸ್ಸು ಬದಲಾಯಿಸಿದರು. ಸೌಂಡ್ ಬಾಕ್ಸು ಗಂಗಾಧರ್‌ನ ಪ್ಯಾಂಟಿನ ಜೇಬಿನಲ್ಲಿ, ಕರ್ಚೀಫಿನಲ್ಲಿ ಸುತ್ತಿತ್ತು. ಬಸ್ಸು ಕುಲುಕಿದಾಗಲೆಲ್ಲ ಅವನ ಕೈ ಅಲ್ಲಿಗೆ ಹೋಗುತ್ತಿತ್ತು. ಪಾವಗಡ ದಾಟಿ ತಿರುಮಣಿ ಹತ್ತಿರವಾದಂತೆ ಹೊಲಗಳಿದ್ದ ಕಡೆಯೆಲ್ಲ ಸೋಲಾರ್ ಹಲಗೆಗಳು ಬಿಸಿಲಿಗೆ ಬೆನ್ನೊಡ್ಡಿ ಮಲಗಿದ್ದವು. ಅವುಗಳಲ್ಲಿ ಒಂದು ಸಾಲು ಕದರಪ್ಪ ಕಡಲೆಕಾಯಿ ಬಿತ್ತುತ್ತಿದ್ದ ಹೊಲದ ಮೇಲಿತ್ತು. ಪೆದ್ದಣ್ಣ ಈಗ ಅಲ್ಲೇ ಹಲಗೆ ತೊಳೆಯುವ ಕೆಲಸಕ್ಕೆ ಹೋಗುತ್ತಿದ್ದ.

"ಮೊದಲು ಬಾಕ್ಸ್ ಕೂರಿಸ್ತೀನಿ," ಎಂದ ಗಂಗಾಧರ್, ಇಳಿಯುವಾಗ. "ಆಮೇಲೆ ಹೇಳ್ತೀನಿ."

"ಹೇಳು ಸಾಕು. ಯಾವುದು ಮೊದಲೋ ನಿನ್ನಿಷ್ಟ."

ಓಬಕ್ಕ ಬಾಗಿಲಿಗೆ ಬಂದು ಅಳಿಯನ ಕಾಲಿಗೆ ನೀರು ಕೊಟ್ಟಳು. ಹತ್ತು ದಿನಕ್ಕೆ ಮುಂಚೆ ಪಕ್ಷದಲ್ಲಿ ಕಂಡ ಹೆಂಗಸಲ್ಲ ಅವಳು. ಕೆನ್ನೆ ಒಳಗೆ ಹೋಗಿ, ಕುಪ್ಪಸದ ತೋಳು ಜೋತಾಡುತ್ತಿತ್ತು. ಆದರೂ ಅಳಿಯ ಬರುತ್ತಾನೆಂದು ಶಾವಿಗೆ ಒತ್ತಿ ಕಾಯಿಹಾಲು ಮಾಡಿದ್ದಳು.

"ಅಲ್ಲುಡು ಬಂದ್ರೆ ಮನೆ ತುಂಬ್ತದೆ," ಅಂದಳು. "ಬಾ ನಾಯ್ನಾ. ಕೈಕಾಲು ತೊಳ್ಕಂಡು ಊಟಕ್ಕೆ ಕೂತ್ಕ."

"ಊಟ ಆಮೇಲೆ ಅತ್ತೆ. ಪೆಟ್ಗೆ ಒಂಚೂರು ನೋಡ್ತೀನಿ."

ಪೆಟ್ಟಿಗೆ ನಡುಮನೆಯಲ್ಲಿ, ಕದರಪ್ಪನ ಫೋಟೋದ ಕೆಳಗೆ ಇತ್ತು. ಗಂಗಾಧರ್ ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಬೇರೆಯವರಿಗೆ ಬೆನ್ನು ಮಾಡಿಕೊಂಡು ನಕಲಿ ಬಾಕ್ಸನ್ನು ಬಿಚ್ಚಿ ಪೆಟ್ಟಿಗೆಯ ಅಂಚಿನಲ್ಲಿಟ್ಟ. ಜೇಬಿನಿಂದ ತೆಗೆದಿದ್ದನ್ನು ತೋಳಿನ ತುದಿಗೆ ಹಿಡಿದ. ತಿರುಪುವ ಮೊದಲೇ ಅದು ತಾನಾಗಿ ಸರಿದು ತನ್ನ ಜಾಗಕ್ಕೆ ಕೂತಿತು. ಅವನ ಗ್ರಾಮಫೋನಿನಲ್ಲಿ ಅದು ಹಾಗೆ ಕೂತಿರಲಿಲ್ಲ. ಕಾಗದದ ಒಂದು ತೆಳು ಸುತ್ತು ಕೊಡಬೇಕಾಗಿತ್ತು. ಆ ಕಾಗದದ ಸಂಗತಿಯನ್ನು ಅವನು ಯಾರಿಗೂ ಹೇಳಿರಲಿಲ್ಲ.

ಹೊಸ ಮುಳ್ಳು ಸಿಕ್ಕಿಸಿ, ಕೀ ಕೊಟ್ಟು, ಪ್ಲೇಟಿನ ಸೀಳು ತಾಗದ ಅಂಚಿನಲ್ಲಿ ಇಳಿಸಿದ. ಹಾಡು ಎದ್ದಿತು. ಯಾರದೋ ಗಂಡು ದನಿ, ಕೊಂಚ ಮೂಗಿನಲ್ಲಿ, ನಡುಮನೆಯ ತುಂಬ ನಿಂತಿತು. ಅಡಿಗೆಮನೆಯ ಬಾಗಿಲಲ್ಲಿ ಪೆದ್ದಣ್ಣ ತಲೆಯ ಟವಲು ತೆಗೆದ. ಮುಳ್ಳು ಸೀಳಿನ ಹತ್ತಿರ ಬರುವ ಮುಂಚೆ ಗಂಗಾಧರ್ ಬೆರಳಿನಿಂದ ತೋಳನ್ನು ಎತ್ತಿದ.

ಓಬಕ್ಕ ಗೋಡೆಗೆ ಒರಗಿ ಕೂತಿದ್ದಳು. ಅವಳ ಮುಖದಲ್ಲಿ ಖುಷಿ ಇರಲಿಲ್ಲ.

"ನೋಡಿದ್ಯಾ ಪೆದ್ದ," ಅಂದಳು. "ಅಲ್ಲುಡು ಮುಟ್ಟಿದ್ರೆ ಹಾಡ್ತದೆ. ನಾನು ಮುಟ್ಟಿದ್ರೆ ಹಾಡಲ್ಲ. ನನ್ನೊಬ್ಬಳ ಕೈ ಬ್ಯಾಡ ಆಗದೆ ಆಯನಿಗೆ."

ಮಂಗಳಾ ಗಂಡನನ್ನು ನೋಡಿದಳು. "ಹೇಳು," ಅಂದಳು.

"ಅದೂ... ಧೂಳು ಸೇರಿತ್ತು ಅತ್ತೆ," ಎಂದ ಗಂಗಾಧರ್. "ಆವತ್ತು ನಾನು ಸರಿಯಾಗಿ ನೋಡಿರ್ಲಿಲ್ಲ. ಒರೆಸದೆ ಇಟ್ರೆ ಹಂಗೇ ಆಗೋದು."

"ಶನಿವಾರ ಶನಿವಾರ ಒರೆಸ್ತಿದ್ದೆ ನಾಯ್ನಾ." ಓಬಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಸರಿಯಾಗಿ ಒರೆಸ್ಲಿಲ್ವೇನೋ. ನಂದೇ ತಪ್ಪು."

"ಥೂ ನಿನ್ನ," ಅಂದಳು ಮಂಗಳಾ. ಗಂಡನಿಗೆ ಅಂದಿದ್ದು. ಆಮೇಲೆ ಅವ್ವನ ಮುಂದೆ ಕೂತು ಎಲ್ಲ ಹೇಳಿದಳು. ತಿಥಿಯ ದಿನ ಬಿಚ್ಚಿದ್ದು, ಬದಲಿ ಹಾಕಿದ್ದು, ಅಂಗಡಿಯಲ್ಲಿ ಕುಂಕುಮ ಕಂಡಿದ್ದು. ಅವಳು ಹೇಳುತ್ತಿದ್ದಂತೆ ಓಬಕ್ಕ ತಲೆ ಅಲ್ಲಾಡಿಸುತ್ತಲೇ ಇದ್ದಳು.

"ಬ್ಯಾಡ ಮಂಗಳಾ. ನನ್ನ ಸಮಾಧಾನಕ್ಕೆ ಕಟ್ಕಂಡ ಗಂಡನ ಮೇಲೆ ಕಳ್ತನ ಹೊರಿಸ್ಬ್ಯಾಡ. ಪಾಪ ಬತ್ತದೆ."

"ಅವನ್ನೇ ಕೇಳು."

ಓಬಕ್ಕ ಅಳಿಯನ ಕಡೆ ತಿರುಗಿದಳು. ಅವನು ಹೌದೆಂದರೆ ಸಾಕೆನ್ನುವಂಥ ಆಸೆ ಅವಳ ಕಣ್ಣಲ್ಲಿ ಒಂದು ಗಳಿಗೆ ಇಣುಕಿತು. ಅದಕ್ಕೆ ಅವಳೇ ನಾಚಿಕೊಂಡಂತೆ ದನಿ ತಗ್ಗಿಸಿದಳು. "ಹೌದಾ ನಾಯ್ನಾ?"

ಪೆದ್ದಣ್ಣ ಬಾಗಿಲಲ್ಲಿ ನಿಂತಿದ್ದ. ಪೆಟ್ಟಿಗೆ ಎದುರಿಗಿತ್ತು. ಗಂಗಾಧರ್ ಸೌಂಡ್ ಬಾಕ್ಸಿನ ಮೇಲೆ ಕೈಯಿಟ್ಟ. ಒಂದು ಸಲ ಅತ್ತ, ಒಂದು ಸಲ ಇತ್ತ ತಿರುವಿ ಅದನ್ನು ತೋಳಿನಿಂದ ಬಿಡಿಸಿಕೊಂಡ.

"ಒಂಚೂರು ಅಲ್ಲಾಡ್ತದೆ ಅತ್ತೆ," ಎಂದ. "ಇಲ್ಲಿ ಬೆಳಕು ಸಾಲ್ದು. ಹೊರಗೆ ನೋಡ್ಕಂಡ್ ಬತ್ತೀನಿ."

"ಊಟ ಮಾಡ್ಕಂಡು ನೋಡು ನಾಯ್ನಾ. ಶಾವಿಗೆ ಆರೋಯ್ತದೆ."

"ಬಡಿಸಿರಿ. ಬಂದೆ."

ಜಗಲಿಯಲ್ಲಿ ಅವನು ಚಪ್ಪಲಿ ಮೆಟ್ಟಿದ ಸದ್ದಾಯಿತು. ಓಬಕ್ಕ ಎದ್ದು ಚಾಪೆ ಹಾಸಿ ತಟ್ಟೆ ಇಟ್ಟಳು. ಶಾವಿಗೆ ಬಡಿಸಿ, ಕಾಯಿಹಾಲು ಬಿಟ್ಟು, ಪಕ್ಕದಲ್ಲಿ ನೀರಿನ ಚೊಂಬು ಇಟ್ಟಳು. ಜಾಗವಿದ್ದದ್ದು ಅಲ್ಲೇ, ಪೆಟ್ಟಿಗೆಯ ಮುಂದೆ, ಫೋಟೋದ ಕೆಳಗೆ. ಮೂವರೂ ಕಾದರು. ಕಾಯಿಹಾಲಿನ ಮೇಲೆ ತೆಳ್ಳಗೆ ಕೆನೆ ಕಟ್ಟಿತು. ಒಂದು ನೊಣ ಬಂದು ಕೂತಿತು, ಓಬಕ್ಕ ಸೆರಗಿನಿಂದ ಅದನ್ನು ಓಡಿಸಿದಳು.

ಪೆದ್ದಣ್ಣ ಹೊರಗೆ ಹೋಗಿ ನೋಡಿ ಬಂದ. ಬಂದವನು ಒಳಗೆ ಬರದೆ ಹೊಸಿಲಲ್ಲೇ ನಿಂತ.

"ಭಾವ ಆಟೋ ಹತ್ಕಂಡು ಪಾವಗಡದ ಕಡೆ ಹೋದ್ನಂತೆ."

ಓಬಕ್ಕ ಪೆಟ್ಟಿಗೆಯ ಹತ್ತಿರ ಸರಿದಳು. ತೋಳಿನ ತುದಿ ಬೋಳಾಗಿತ್ತು. ಅದರ ಬಾಯಲ್ಲಿ ಬೆರಳಿಟ್ಟು ನೋಡಿದಳು. ಅಂಚಿನಲ್ಲಿ ಬಿದ್ದಿದ್ದ ನಕಲಿ ಬಾಕ್ಸನ್ನು ಎತ್ತಿ, ಕಣ್ಣಿಗೆ ಹತ್ತಿರ ಹಿಡಿದು, ಮುಂದೆ ತಿರುಗಿಸಿ, ಹಿಂದೆ ತಿರುಗಿಸಿ, ಹೆಬ್ಬೆರಳಿಂದ ಅದರ ಮುಖ ತಿಕ್ಕಿದಳು. ನುಣ್ಣಗೆ ಹೊಳೆಯಿತು. ಎಲ್ಲೂ ಒಂದು ಚುಕ್ಕೆ ಕುಂಕುಮ ಇರಲಿಲ್ಲ. ಅದನ್ನು ಮಗಳ ಕೈಗೆ ಕೊಟ್ಟಳು.

"ಅಂಗಾದ್ರೆ ಆಯನ ಬಂದಿದ್ದ," ಅಂದಳು.

"ಬಂದಿದ್ದ ಅವ್ವ."

"ಉಂಡು ಹೋದ."

"ಹೂಂ. ಉಂಡು ಹೋದ."

ಓಬಕ್ಕ ಅಡಿಗೆಮನೆಗೆ ಹೋದಳು. ಪಾತ್ರೆಯ ಮುಚ್ಚಳ ತೆಗೆದ ಸದ್ದು, ಬೆಲ್ಲದ ಡಬ್ಬಿಯ ಸದ್ದು ಬಂತು. ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಅವಳು ಶಾವಿಗೆ ಉಣ್ಣತೊಡಗಿದಳು. ಬಾಯಿ ತುಂಬ, ಅಗಿಯಲೂ ಪುರುಸೊತ್ತಿಲ್ಲದವಳಂತೆ ಉಂಡಳು. ನಡುವೆ ಒಮ್ಮೆ ಬಿಕ್ಕಳಿಕೆ ಬಂದು ಪೆದ್ದಣ್ಣ ನೀರು ಕೊಟ್ಟ.

ನಡುಮನೆಯಲ್ಲಿ ಗಂಗಾಧರ್‌ಗೆ ಬಡಿಸಿದ ತಟ್ಟೆ ಹಾಗೇ ಇತ್ತು. ಮಂಗಳಾ ಅದನ್ನೆತ್ತಿಕೊಂಡು ಹಿತ್ತಿಲಿಗೆ ಬಂದಳು. ಪಕ್ಷದ ದಿನ ಎಡೆಯ ಅನ್ನ ಇಡಲು ಹತ್ತಿದ್ದ ಏಣಿ ಇನ್ನೂ ಗೋಡೆಗೆ ಒರಗಿಕೊಂಡೇ ಇತ್ತು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಹತ್ತಿದಳು. ತಟ್ಟೆಯನ್ನು ತಾರಸಿಯ ಅಂಚಿನಲ್ಲಿಟ್ಟು, ಕೆಳಗಿಳಿದು, ತೊಟ್ಟಿಯ ನೀರಿನಲ್ಲಿ ಮೊಣಕೈವರೆಗೂ ಕೈ ತೊಳೆದುಕೊಂಡಳು.

ಸೆರಗಿಗೆ ಕೈ ಒರೆಸಿಕೊಂಡು ತಲೆ ಎತ್ತುವ ಹೊತ್ತಿಗೆ ತಟ್ಟೆಯ ಮೇಲೆ ಆಗಲೇ ಒಂದು ಕಾಗೆ ಕೂತಿತ್ತು.